ನೀಲಾಂಬಿಕೆಯ ಮರುಪಾಠ

ನಮ್ಮ ಊರಿನಲ್ಲಿ ಒಳ್ಳೆಯ ಶಿಕ್ಷಕರನ್ನು ಗುರುತಿಸುವುದು ಬಹಳ ಸುಲಭ. ಪಾಠ ಹೇಳಿ ಮುಗಿಸಿದ ಗಳಿಗೆಯಲ್ಲೇ ಅವರನ್ನು ತರಗತಿಯ ಬಾಗಿಲಿಗೆ ಕರೆದು, ಆ ಪಾಠದಲ್ಲೇ ಒಂದು ಪ್ರಶ್ನೆ ಕೇಳಬೇಕು. ಉತ್ತರ ತಿಳಿಯದೆ ಅವರು ಮಗುವಿನಂತೆ ನಕ್ಕರೆ ಮರುದಿನವೇ ನಿಮ್ಮ ಮಗುವನ್ನು ಅವರ ತರಗತಿಗೆ ಸೇರಿಸಬಹುದು. ತಡವರಿಸದೆ ಪಟಪಟನೆ ಉತ್ತರ ಹೇಳಿದರೆ ಬೇರೆ ಶಾಲೆ ಹುಡುಕುವುದು ಕ್ಷೇಮ. ಇಲ್ಲಿ ಹೇಳಿಕೊಟ್ಟದ್ದು ಹೇಳಿಕೊಟ್ಟವರಲ್ಲಿ ಉಳಿಯುವುದಿಲ್ಲ. ಕೇಳಿದವರಿಗೆ ಅದು ಚೆನ್ನಾಗಿ ತಿಳಿದ ಗಳಿಗೆಯಲ್ಲಿ, ಕೊಂಬೆಯಿಂದ ಹಕ್ಕಿ ಎದ್ದ ಹಾಗೆ, ಹೇಳಿದವರಿಂದ ಎದ್ದು ಹೋಗುತ್ತದೆ. ಕೊಂಬೆ ಒಂದಿಷ್ಟು ಹೊತ್ತು ತೂಗುತ್ತದೆ, ಅಷ್ಟೆ.

ಇದಕ್ಕೆ ಹೊಂದಿಕೊಂಡು ಬಾಳುವುದು ಹೊರಗಿನವರು ಎಣಿಸುವಷ್ಟು ಕಷ್ಟವಲ್ಲ. ಸೊಸೆಗೆ ಹೋಳಿಗೆಯ ಹದ ಹೇಳಿಕೊಟ್ಟ ಅತ್ತೆ ಅಂದಿನಿಂದ ಒಲೆಯ ಮುಂದಿನ ಮಣೆ ಬಿಟ್ಟು ತಟ್ಟೆಯ ಮುಂದಿನ ಮಣೆಗೆ ಬರುತ್ತಾಳೆ. ಇದರಿಂದ ಅವಳಿಗೇನೂ ದುಃಖವಿಲ್ಲ. ದರ್ಜಿ ತನ್ನ ಶಿಷ್ಯನಿಗೆ ಅಂಗಿಯ ಕೊರಳು ಕತ್ತರಿಸುವುದನ್ನು ಹೇಳಿಕೊಡುವ ಮೊದಲು ಮಗನ ಮದುವೆಯ ಬಟ್ಟೆಗಳನ್ನೆಲ್ಲ ಹೊಲಿದಿಟ್ಟುಕೊಳ್ಳುತ್ತಾನೆ. ಪರಊರಿನವರು ದಾರಿ ಕೇಳಿದರೆ ನಾವು ವಿವರಿಸಲು ಹೋಗುವುದಿಲ್ಲ, ಜೊತೆಗೆ ನಡೆದು ಬಿಟ್ಟು ಬರುತ್ತೇವೆ. ಇಲ್ಲವಾದರೆ ಆಮೇಲೆ ನಮ್ಮ ಮನೆಯ ದಾರಿಯನ್ನು ನಾವು ಯಾರನ್ನು ಕೇಳಬೇಕು?

ಶಾಲೆಗಳಲ್ಲಿ ಇದಕ್ಕೆಂದೇ ಒಂದು ಪದ್ಧತಿ ಬೆಳೆದು ಬಂದಿದೆ. ಪ್ರತಿ ಪಾಠದ ಕೊನೆಗೆ ಒಂದು ಮಗು ಎದ್ದು ನಿಂತು, ತಾನು ಕಲಿತದ್ದನ್ನು ಶಿಕ್ಷಕರಿಗೆ ತಿರುಗಿ ಹೇಳಿಕೊಡುತ್ತದೆ. ಶಿಕ್ಷಕರು ಆ ಮಗುವಿನ ಜಾಗದಲ್ಲಿ ಕೈಕಟ್ಟಿ ಕೂತು ಕೇಳುತ್ತಾರೆ. ಇದಕ್ಕೆ ಮರುಪಾಠವೆಂದು ಹೆಸರು. ಶಿಕ್ಷಕರು ಮತ್ತೆ ತುಂಬಿಕೊಳ್ಳುತ್ತಾರೆ, ಉಳಿದ ಮಕ್ಕಳಿಗೆ ಪಾಠ ದಕ್ಕಿರುತ್ತದೆ, ಹಿಂದಿರುಗಿಸಿದ ಮಗು ಮಾತ್ರ ಬರಿಗೈಯಾಗುತ್ತದೆ. ಅದು ಮುಂದಿನ ವರ್ಷ ಕಿರಿಯರ ಜೊತೆ ಕೂತು ಆ ಒಂದು ಪಾಠವನ್ನು ಮತ್ತೆ ಪಡೆಯಬಹುದು. ಎಷ್ಟೋ ಮಕ್ಕಳು ಪಡೆಯುವುದಿಲ್ಲ. ಹೀಗಾಗಿ ನಮ್ಮೂರಿನ ಪ್ರತಿಯೊಬ್ಬರ ತಿಳಿವಿನಲ್ಲೂ ಒಂದು ಕಿಂಡಿ ಇದೆ. ಅಂಚೆಯವನಿಗೆ ನದಿಗಳ ಹೆಸರು ಬಾರದು, ವೈದ್ಯರಿಗೆ ಏಳರ ಮಗ್ಗಿ ಬಾರದು. ಹೆಣ್ಣು ನೋಡಲು ಹೋದವರು ಹುಡುಗಿ ಏನು ಕಲಿತಿದ್ದಾಳೆಂದು ಕೇಳುವುದಿಲ್ಲ, ಏನು ಕೊಟ್ಟಿದ್ದಾಳೆಂದು ಕೇಳುತ್ತಾರೆ. ಭಿನ್ನರಾಶಿ ಕೊಟ್ಟವಳೆಂದರೆ ಬೀಗರ ಮುಖ ಅರಳುತ್ತದೆ. ಪುಸ್ತಕ ತೆರೆದು ಇನ್ನೊಮ್ಮೆ ಓದಿಕೊಂಡರಾಯಿತಲ್ಲ ಎಂದು ಹೊರಗಿನ ಜಾಣರು ಕೇಳುವುದುಂಟು. ಹೋದದ್ದು ಪುಸ್ತಕದಿಂದ ಬರುವುದಿಲ್ಲ. ಅಕ್ಷರಗಳು ಬಾಗಿಲಲ್ಲೇ ನಿಂತಿರುತ್ತವೆ, ಅರ್ಥ ಮಾತ್ರ ಮನೆಯಲ್ಲಿರುವುದಿಲ್ಲ. ಪಡೆದವರೊಬ್ಬರು ಬಾಯಿಬಿಟ್ಟು ಹಿಂದಿರುಗಿಸಬೇಕು.

ಇಂಥ ಊರಿನ ಶಿಕ್ಷಕರ ತರಬೇತಿ ಶಾಲೆಗೆ ನಾನು ಬಹುಕಾಲ ಮುಖ್ಯಸ್ಥನಾಗಿದ್ದೆ. ನಾವು ಕಲಿಸುತ್ತಿದ್ದುದು ಎರಡೇ ವಿದ್ಯೆ: ಹೆದರದೆ ಬಿಟ್ಟುಕೊಡುವುದು, ಮತ್ತು ನಾಚದೆ ಮಗುವಿನ ಜಾಗದಲ್ಲಿ ಕೂರುವುದು. ಇವುಗಳ ನಡುವೆ, ವಾರಕ್ಕೊಂದು ಗಂಟೆ, ನನ್ನ ಖುಷಿಗೆಂದು ಹೊಸ ಕಾಲದ ಕವಿತೆಗಳ ಪಾಠವನ್ನೂ ಮಾಡುತ್ತಿದ್ದೆ. ಅವೆಲ್ಲ ಇಂದಿಗೂ ಒಂದು ಸಾಲು ತಪ್ಪದೆ ನನ್ನಲ್ಲಿ ಉಳಿದಿವೆ. ಊರಿನವರು ಈ ಮಾತೆತ್ತಿ ನಗುತ್ತಾರೆ, ನಾನೂ ಅವರೊಡನೆ ನಗುತ್ತೇನೆ. ಆದರೆ ಬಿಟ್ಟುಕೊಡುವ ವಿದ್ಯೆಯಲ್ಲಿ ನನ್ನ ಕೈಯಿಂದ ಹೊರಟವರೊಳಗೆ ನೀಲಾಂಬಿಕೆಯಂಥ ಇನ್ನೊಬ್ಬರು ಇರಲಿಲ್ಲ. ಅವಳು ಕೆರೆಬದಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅತಿಥಿಯಾಗಿಯೇ ಅವಳ ತಲೆಯಲ್ಲಿ ನರೆ ಮೂಡಿತ್ತು. ಅವಳ ಬಳಿ ಓದಿದ ಮಕ್ಕಳು ತಮ್ಮ ಮಕ್ಕಳನ್ನು ಅವಳಲ್ಲಿಗೆ ಕಳಿಸುವಷ್ಟು ಕಾಲವಾಗಿದ್ದರೂ ಪ್ರತಿ ಜೂನಿನಲ್ಲಿ ಅವಳು ಬಾಗಿಲಲ್ಲಿ ನಿಂತು, ಈ ವರ್ಷ ಬರಲೋ ಬೇಡವೋ ಎಂದು ಕೇಳಬೇಕಿತ್ತು.

ಕಾರಣ ಇಷ್ಟೇ. ಶಿಕ್ಷಕರ ನೇಮಕಾತಿಗೆ ರಾಜಧಾನಿಯಿಂದ ಬರುತ್ತಿದ್ದ ಆಯೋಗ ಒಂದೇ ದಿನ ಎರಡು ಪರೀಕ್ಷೆ ಮಾಡುತ್ತಿತ್ತು. ಬೆಳಿಗ್ಗೆ ಮಕ್ಕಳೆದುರು ಮಾದರಿ ಪಾಠ. ಮಧ್ಯಾಹ್ನ ಅದೇ ವಿಷಯದ ಮೇಲೆ ಲಿಖಿತ ಪರೀಕ್ಷೆ. ನಡುವೆ ಅಭ್ಯರ್ಥಿಗಳಿಗೆ ಯಾರೂ ಏನನ್ನೂ ಹೇಳಿಕೊಡಬಾರದೆಂದು ಅವರನ್ನು ಒಂದು ಕೊಠಡಿಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಬೆಳಿಗ್ಗೆ ಚೆನ್ನಾಗಿ ಪಾಠ ಮಾಡಿದವರು ಮಧ್ಯಾಹ್ನ ಬಿಳಿಯ ಹಾಳೆ ಒಪ್ಪಿಸಿ ಬರುತ್ತಿದ್ದರು. ಯಾರ ಪಾಠ ಯಾರ ತಲೆಗೂ ಹೋಗಿರುತ್ತಿರಲಿಲ್ಲವೋ ಅವರು ಮಧ್ಯಾಹ್ನ ಪುಟಗಟ್ಟಲೆ ಬರೆದು ಹುದ್ದೆ ಪಡೆಯುತ್ತಿದ್ದರು. ಪೇಟೆ ಶಾಲೆಯ ವಿರೂಪಣ್ಣ ಹಾಗೆಯೇ ಆಯ್ಕೆಯಾದವನು. ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಗೆದವನಲ್ಲ. ಅವನ ತರಗತಿಯ ಮಕ್ಕಳು ಸಂಜೆಗೆ ನೀಲಾಂಬಿಕೆಯ ಅಂಗಳದಲ್ಲಿ ಬಂದು ಕೂರುತ್ತಿದ್ದರು. ಕೆಲವೊಮ್ಮೆ ಅವರನ್ನು ಕರೆತಂದು ಬಿಡುತ್ತಿದ್ದವನೂ ವಿರೂಪಣ್ಣನೇ.

ಈ ಸಲ ಬಂದ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಅತಿಥಿ ಶಿಕ್ಷಕರು ಇನ್ನು ಅತಿಥಿಗಳಾಗಿಯೂ ಇರುವಂತಿಲ್ಲ. ನೀಲಾಂಬಿಕೆಗೆ ವಯಸ್ಸಿನ ಮಿತಿಯೂ ಈ ವರ್ಷಕ್ಕೆ ಮುಗಿಯುತ್ತಿತ್ತು. ಈ ಸಲ ಬಿಳಿಯ ಹಾಳೆ ಒಪ್ಪಿಸಿದರೆ ಅವಳು ಮತ್ತೆಂದೂ ಕಪ್ಪುಹಲಗೆಯ ಮುಂದೆ ನಿಲ್ಲುವಂತಿರಲಿಲ್ಲ.

ಆಗ ಕೆರೆಬದಿಯ ಶಾಲೆಯ ಮುಖ್ಯೋಪಾಧ್ಯಾಯ ದಾವೂದ್ ಸಾಹೇಬರು ನನ್ನ ಮನೆಗೆ ಬಂದರು. ಅವರ ಯೋಚನೆ ಸರಳವಾಗಿತ್ತು: ನೀಲಾಂಬಿಕೆ ಒಂದೇ ಒಂದು ಬೆಳಗಿನ ಮಟ್ಟಿಗೆ ಕೆಟ್ಟದಾಗಿ ಪಾಠ ಮಾಡಬೇಕು, ಅದನ್ನು ನಾನು ಅವಳಿಗೆ ಕಲಿಸಬೇಕು. ಈ ಕೆಲಸಕ್ಕೆ ನನ್ನನ್ನೇ ಏಕೆ ಆರಿಸಿದಿರೆಂದು ಕೇಳಿದೆ. ಸಾಹೇಬರು ಬಹಳ ಮರ್ಯಾದೆಯಿಂದ, "ಕವಿತಾ ಕ್ಲಾಸಿನ ಅನುಭವ ಅದಲ್ರಿ ಸರ," ಎಂದರು.

ಹೀಗೆ ವಾರವಿಡೀ ನನ್ನ ಪಡಸಾಲೆಯಲ್ಲಿ ಅಭ್ಯಾಸ ನಡೆಯಿತು. ಮಕ್ಕಳಿಗೆ ಬೆನ್ನು ಕೊಟ್ಟು ಕಪ್ಪುಹಲಗೆಗೆ ಪಾಠ ಮಾಡು ಎಂದೆ. ವ್ಯಾಖ್ಯೆಯನ್ನು ಒಂದೇ ರಾಗದಲ್ಲಿ ಮತ್ತೆ ಮತ್ತೆ ಓದು, ತಿಳಿಯಿತೇ ಎಂದು ಕೇಳು, ಆದರೆ ಉತ್ತರಕ್ಕೆ ಕಾಯಬೇಡ ಎಂದೆ. ವಿರೂಪಣ್ಣನೂ ತನ್ನ ಅನುಭವ ಹಂಚಿಕೊಳ್ಳಲು ಬಂದ. ಪಾಪ, ಅವನು ಕಪಟವಿಲ್ಲದೆ, "ನಾ ಏನೂ ವಿಶೇಷ ಮಾಡಂಗಿಲ್ಲ, ತಂಗಿ. ನನ್ನ ಪಾಡಿಗೆ ನಾ ಹೇಳ್ತೀನಿ, ಅವರ ಪಾಡಿಗೆ ಅವರು ಕೂತಿರ್ತಾರ," ಎಂದ. ನೀಲಾಂಬಿಕೆ ಶ್ರದ್ಧೆಯಿಂದ ಗೋಡೆಗೆ ಮುಖ ಮಾಡಿ ಗೊಣಗುತ್ತಿದ್ದಳು. ಆದರೆ ಯಾರಾದರೂ ಆಕಳಿಸಿದರೆ ಸಾಕು, ಸರಕ್ಕನೆ ತಿರುಗಿ ಎಲ್ಲಿ ತಿಳಿಯಲಿಲ್ಲವೆಂದು ಕೇಳಿಬಿಡುತ್ತಿದ್ದಳು. ವಾರದ ಕೊನೆಗೆ ಕೆಟ್ಟದಾಗಿ ಪಾಠ ಮಾಡುವ ನನ್ನ ವಿದ್ಯೆ ಎಳ್ಳಷ್ಟೂ ಕರಗದೆ ನನ್ನಲ್ಲೇ ಇತ್ತು. ಅದರಿಂದಲೇ ನನಗೆ ತಿಳಿಯಿತು, ಅವಳಿಗೆ ಅದು ಒಂದಿಷ್ಟೂ ಹತ್ತಿಲ್ಲವೆಂದು.

ಆಯೋಗದಿಂದ ಬಂದ ಅಧಿಕಾರಿಯ ಹೆಸರು ಜಯತೀರ್ಥ. ತೆಳ್ಳಗಿನ, ನೀಟಾಗಿ ತಲೆ ಬಾಚಿದ, ಮಾತಿಗೆ ಮೊದಲು ಒಂದು ಕ್ಷಣ ಯೋಚಿಸುವ ಮನುಷ್ಯ. ನೀತಿಯ ಕರಡು ಬರೆದ ಸಮಿತಿಯಲ್ಲಿ ಅವರೂ ಇದ್ದರಂತೆ. ಹಿಂದೆ ಬಂದವರ ಹಾಗೆ ಗಡಿಯಾರ ನೋಡುತ್ತ ಪಾಠ ಕೇಳುವ ಜಾತಿಯವರಲ್ಲ. ಸ್ಥಳೀಯ ಸದಸ್ಯನೆಂದು ನನ್ನನ್ನೂ ಅವರ ಪಕ್ಕದಲ್ಲಿ ಕೂರಿಸಿದರು. ಸ್ಥಳೀಯ ಸದಸ್ಯನಿಗೆ ಅಭಿಪ್ರಾಯ ಹೇಳುವ ಅಧಿಕಾರವಿರಲಿಲ್ಲ, ಚಹಾ ಕುಡಿಯುವ ಅಧಿಕಾರವಿತ್ತು.

ನೀಲಾಂಬಿಕೆಗೆ ಬಂದ ವಿಷಯ ಚಂದ್ರನ ವೃದ್ಧಿಕ್ಷಯ. ಅವಳು ನಾವು ಹೇಳಿಕೊಟ್ಟ ಹಾಗೆಯೇ ಆರಂಭಿಸಿದಳು. ಬೆನ್ನು ತಿರುಗಿಸಿದಳು, ವ್ಯಾಖ್ಯೆ ಓದಿದಳು, ತಿಳಿಯಿತೇ ಎಂದು ಹಲಗೆಯನ್ನು ಕೇಳಿದಳು. ಅವಳದೇ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಅಕ್ಕೋರಿಗೆ ಮೈ ಸರಿಯಿಲ್ಲವೆಂದೇ ಅವರ ಎಣಿಕೆ. ದಾವೂದ್ ಸಾಹೇಬರು ಕಿಟಕಿಯ ಹೊರಗೆ ನಿಂತು ನನಗೆ ಕಣ್ಣಲ್ಲೇ ಶಹಭಾಸ್ ಹೇಳಿದರು. ಅಷ್ಟರಲ್ಲಿ ಶಿವಗಂಗೆ ಎಂಬ ಹುಡುಗಿ ಎದ್ದು ನಿಂತು, "ಅಕ್ಕೋರ, ಚಂದಪ್ಪ ಸಣ್ಣಾಗ್ತಾನಲ್ಲ, ಅವಗ ಬ್ಯಾನಿ ಆಗಂಗಿಲ್ಲೇನ್ರಿ?" ಎಂದು ಕೇಳಿದಳು.

ನೀಲಾಂಬಿಕೆಯ ಕೈಯಲ್ಲಿನ ಸೀಮೆಸುಣ್ಣ ನಿಂತಿತು. ಅವಳು ಕಿಟಕಿಯ ಕಡೆ, ಸಾಹೇಬರ ಕಡೆ, ಕೊನೆಗೆ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಕ್ಷಮಾಪಣೆ ಇತ್ತು. ಆಮೇಲೆ ತಿರುಗಿ, ಚಂದಪ್ಪನಿಗೆ ನೋವಾಗುತ್ತದೋ ಇಲ್ಲವೋ ಎಲ್ಲರೂ ಸೇರಿ ನೋಡಿಬಿಡೋಣ ಎಂದಳು. ಕಿಟಕಿಗಳನ್ನೆಲ್ಲ ಮುಚ್ಚಿಸಿ ಒಂದನ್ನು ಮಾತ್ರ ತೆರೆದಿಟ್ಟಳು. ಆಟದ ಚೆಂಡಿಗೆ ಸುಣ್ಣ ಬಳಿಸಿದಳು. ಶಿವಗಂಗೆಯನ್ನು ನಡುವೆ ನಿಲ್ಲಿಸಿ, ಕೈ ಚಾಚಿ ಚೆಂಡನ್ನು ಹಿಡಿದು ನಿಂತಲ್ಲೇ ಮೆಲ್ಲಗೆ ತಿರುಗಲು ಹೇಳಿದಳು. ಕಿಟಕಿಯ ಬೆಳಕಿನಲ್ಲಿ ಚೆಂಡಿನ ಮೇಲೆ ಮೊದಲು ಒಂದು ಎಳೆ ಬೆಳಗಿತು, ಎಳೆ ಹೋಳಾಯಿತು, ಹೋಳು ತುಂಬಿತು, ಮತ್ತೆ ಸವೆಯಿತು. ಚೆಂಡು ಮಾತ್ರ ಇದ್ದ ಹಾಗೆಯೇ ಇತ್ತು. ಒಬ್ಬೊಬ್ಬರೂ ಬಂದು ತಿರುಗಿದರು. ಕೊನೆಗೆ ಜಯತೀರ್ಥರೂ ಕಾಗದ ಬದಿಗಿಟ್ಟು ಬಂದು, ಚೆಂಡು ಹಿಡಿದು ಒಂದು ಸುತ್ತು ತಿರುಗಿದರು. ಅವನು ಸಣ್ಣಾಗೋದೇ ಇಲ್ಲ, ನಾವು ನೋಡೋದು ಸಣ್ಣಾಗ್ತದ ಎಂದು ಶಿವಗಂಗೆ ಕೂಗಿದಳು. ನಾನು ನೀಲಾಂಬಿಕೆಯ ಮುಖವನ್ನೇ ನೋಡುತ್ತಿದ್ದೆ. ಹೊತ್ತದ್ದನ್ನು ಇಳಿಸಿದವರ ಮುಖ ಹಗುರಾಗುವಂತೆ ಅದು ಹಗುರಾಯಿತು.

ಮರುಪಾಠಕ್ಕೆಂದು ಮಕ್ಕಳು ಕೈ ಎತ್ತುವಷ್ಟರಲ್ಲಿ ಗಂಟೆ ಹೊಡೆಯಿತು. ಆಯೋಗದ ಜವಾನ ಬಂದು ನೀಲಾಂಬಿಕೆಯನ್ನು ಕರೆದೊಯ್ದು ಕೊಠಡಿಯಲ್ಲಿ ಕೂರಿಸಿ ಚಿಲಕ ಹಾಕಿದ. ಇಷ್ಟು ಚಂದದ ಪಾಠವನ್ನು ತಾವು ಯಾವ ಊರಿನಲ್ಲೂ ಕಂಡಿಲ್ಲವೆಂದು ಜಯತೀರ್ಥರು ಊಟದುದ್ದಕ್ಕೂ ಹೇಳುತ್ತಿದ್ದರು. ಸಾಹೇಬರು ಮತ್ತು ನಾನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದೆವು.

ಮಧ್ಯಾಹ್ನದ ಪ್ರಶ್ನೆಪತ್ರಿಕೆಯಲ್ಲಿ, ಚಂದ್ರನ ವೃದ್ಧಿಕ್ಷಯಗಳಿಗೆ ಕಾರಣವೇನು, ಚಿತ್ರಸಹಿತ ವಿವರಿಸಿ ಎಂದಿತ್ತು. ನೀಲಾಂಬಿಕೆ ಅದನ್ನು ಓದಿ, ಗಲ್ಲಕ್ಕೆ ಕೈಕೊಟ್ಟು, ಕಿಟಕಿಯಾಚೆ ನೋಡುತ್ತ ಕೂತಳು. ಪೂರ್ವದಲ್ಲಿ ಹಗಲು ಚಂದ್ರನ ಅರ್ಧ ಹೋಳೊಂದು ಬೆಳ್ಳಗೆ ಮೇಲೇರುತ್ತಿತ್ತು. ಅವಳು ಅದನ್ನು ಜೀವಮಾನದಲ್ಲಿ ಮೊದಲ ಸಲ ಕಂಡವಳಂತೆ ಬೆರಗಾಗಿ ನೋಡುತ್ತಿದ್ದಳು. ಹಾಳೆ ಬಿಳಿಯಾಗಿಯೇ ಉಳಿಯಿತು. ಮಕ್ಕಳೆಲ್ಲ ಬೇಲಿಯ ಹೊರಗೆ ಸಾಲಾಗಿ ನಿಂತಿದ್ದರು.

ಜಯತೀರ್ಥರು ಎದ್ದು ಅವಳ ಬಳಿಗೆ ಹೋದರು. ಅವರಿಗೆ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು. "ಅಮ್ಮಾ, ಬೆಳಿಗ್ಗೆ ನೀವೇ ಇದನ್ನು ಅಷ್ಟು ಚೆನ್ನಾಗಿ ಹೇಳಿದಿರಲ್ಲ," ಎಂದರು.

"ಹೇಳಿರಬೇಕ್ರಿ," ಎಂದಳು ನೀಲಾಂಬಿಕೆ. "ಮಕ್ಕಳ ಮುಖ ನೋಡಿದ್ರ ಹಂಗ ಅನಸ್ತದ."

ಸಾಹೇಬರು ಒಳಗೆ ಬಂದು ಊರಿನ ರೀತಿಯನ್ನು ಬಿಡಿಸಿ ಹೇಳಲು ನೋಡಿದರು. ಮಗುವೊಂದು ಬಂದು ಹಿಂದಿರುಗಿಸಿದರೆ ಈಗಲೇ ಬರೆಯುತ್ತಾಳೆ ಎಂದರು. ಜಯತೀರ್ಥರು ಅದನ್ನು ನಕಲು ಎಂದರು. ಪಾಠಕ್ಕೂ ಪರೀಕ್ಷೆಗೂ ನಡುವೆ ಯಾರೂ ಅಭ್ಯರ್ಥಿಯೊಡನೆ ಮಾತನಾಡುವಂತಿಲ್ಲ. ತಾವೇ ಕಲಿಸಿದ್ದರ ಮೇಲೆ ಉತ್ತರಿಸಲಾರದವರನ್ನು ಅನರ್ಹರೆಂದು ಬರೆಯದೆ ಬೇರೆ ದಾರಿಯಿಲ್ಲ ಎಂದರು. ಪೆನ್ನಿನ ಮುಚ್ಚಳ ತೆಗೆದರು. ಆದರೆ ನ್ಯಾಯವಂತ ಮನುಷ್ಯ. ಇಂಥ ಶಿಕ್ಷಕಿಯನ್ನು ಕಾರಣ ಹೇಳದೆ ಹೊರಗೆ ಕಳಿಸಲು ಮನಸ್ಸು ಬರಲಿಲ್ಲ. ಎದುರಿನ ಬೆಂಚಿನಲ್ಲಿ ಕೂತು, ಈ ನಿಯಮ ಏಕಿದೆಯೆಂದು ಅವಳಿಗೆ ವಿವರಿಸತೊಡಗಿದರು.

ನೀಲಾಂಬಿಕೆ ಕೇಳುವ ರೀತಿಯೇ ಬೇರೆ. ಮರುಪಾಠಗಳನ್ನು ಕೇಳಿ ಕೇಳಿ ಪಳಗಿದವಳು. ನಡುನಡುವೆ ಸಣ್ಣ ಪ್ರಶ್ನೆ ಕೇಳುತ್ತ, ಹೇಳುವವರ ಮಾತನ್ನು ಅವರಿಗೇ ಗೊತ್ತಿಲ್ಲದ ಆಳಕ್ಕೆ ಒಯ್ಯುತ್ತಿದ್ದಳು. ಜಯತೀರ್ಥರು ಮೊದಲು ಕಲಮು, ಉಪಕಲಮು ಎಂದರು. ಅವಳು ಅದನ್ನು ಬರೆದವರಿಗೆ ಯಾವುದರ ಹೆದರಿಕೆ ಇತ್ತು ಎಂದು ಕೇಳಿದಳು. ಆಗ ಅವರು ತಮ್ಮ ಬಾಲ್ಯದ ಮೇಷ್ಟರೊಬ್ಬರ ಕಥೆ ಹೇಳಿದರು. ಏನು ಕೇಳಿದರೂ ಆತ ಬೆತ್ತವನ್ನೇ ಎತ್ತುತ್ತಿದ್ದನಂತೆ. ಆತನಿಗೆ ಏನೂ ಗೊತ್ತಿರಲಿಲ್ಲವೆಂದು ಇವರಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಾಳೆ ಕೊಡಲು ಕೈಯಲ್ಲಿ ಏನೂ ಇಲ್ಲದ ಶಿಕ್ಷಕನ ಮುಂದೆ ಯಾವ ಮಗುವೂ ಕೂರಬಾರದು, ಅದಕ್ಕೇ ಮಧ್ಯಾಹ್ನದ ಪರೀಕ್ಷೆ, ಅದಕ್ಕೇ ನಡುವಿನ ಚಿಲಕ ಎಂದರು. ಮಾತು ಮುಗಿದಾಗ ನೀಲಾಂಬಿಕೆಗೆ ಪೂರ್ತಿ ತಿಳಿದಿತ್ತು. ಸಾಹೇಬರಿಗೂ ನನಗೂ ತಿಳಿದಿತ್ತು. ನಾವು ಅದನ್ನು ಒಪ್ಪಿಕೊಳ್ಳದಿರುವುದು ಕಷ್ಟವಾಗಿತ್ತು.

ಜಯತೀರ್ಥರು ಪೆನ್ನು ಹಿಡಿದು ಎದ್ದವರು ಹಾಗೆಯೇ ನಿಂತರು. ಕೈಯಲ್ಲಿದ್ದ ನಿಯಮಗಳ ಹಾಳೆಯನ್ನು ಹತ್ತಿರ ಹಿಡಿದು ಓದಿದರು, ದೂರ ಹಿಡಿದು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಬಹಳ ಮೆಲ್ಲಗೆ, "ಕ್ಷಮಿಸಿ, ಇದು ನನ್ನದೇ ಬರವಣಿಗೆ. ಆದರೆ ಇದನ್ನು ಯಾಕೆ ಬರೆದೆ ಅಂತ ತಿಳಿಯುತ್ತಿಲ್ಲ. ನಾನೀಗ ಇಲ್ಲಿ ಏನು ಮಾಡಬೇಕು?" ಎಂದರು.

ದಾವೂದ್ ಸಾಹೇಬರ ಮುಖದಲ್ಲಿ ಅಂಥ ಬೆಳಕನ್ನು ನಾನು ಹಬ್ಬದ ದಿನವೂ ಕಂಡಿರಲಿಲ್ಲ. ಅವರು ನೇಮಕಾತಿಯ ಹಾಳೆಯನ್ನು ಮೇಜಿನ ಮೇಲೆ ಮೆಲ್ಲಗೆ ಮುಂದಕ್ಕೆ ಸರಿಸಿ, ಇಲ್ಲಿ ಒಂದು ಸಹಿ ಮಾಡಿದರೆ ಆಯಿತು, ಬೇರೇನೂ ಇಲ್ಲ ಎಂಬ ಧಾಟಿಯಲ್ಲಿ ಬೆರಳಿಟ್ಟು ತೋರಿಸಿದರು. ಜಯತೀರ್ಥರು ಮಗುವಿನ ಹಾಗೆ ಆ ಬೆರಳನ್ನೇ ನೋಡಿದರು. ಪೆನ್ನು ಹಾಳೆಯತ್ತ ಇಳಿಯಿತು.

"ಬ್ಯಾಡ್ರಿ ಸಾಹೇಬ್ರ," ಎಂದಳು ನೀಲಾಂಬಿಕೆ. "ಹೇಳಿಕೊಟ್ಟವರನ್ನ ಬರಿಗೈಲಿ ಕಳಸಬಾರದು."

"ತಂಗಿ, ಇದೊಂದ ಸಲ ಸುಮ್ಮನಿರವಾ," ಎಂದರು ಸಾಹೇಬರು.

ಅವಳು ಸುಮ್ಮನಿರಲಿಲ್ಲ. ಎದ್ದು, ಜಯತೀರ್ಥರನ್ನು ತನ್ನ ಜಾಗದಲ್ಲಿ ಕೂರಿಸಿ, ಕಪ್ಪುಹಲಗೆಯ ಮುಂದೆ ನಿಂತಳು. ನಿಯಮವನ್ನು ಅವರು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ಬೆತ್ತದ ಮೇಷ್ಟರನ್ನು ಹೇಳಿದಳು, ಉತ್ತರ ಸಿಗದೆ ಕೂತ ಹುಡುಗನನ್ನು ಹೇಳಿದಳು. ನಾಳಿನ ಮಗುವಿಗೆ ಕೊಡಲು ಏನಾದರೂ ಉಳಿದಿದೆಯೇ ಎಂದು ನೋಡುವುದೇ ಈ ಪರೀಕ್ಷೆಯೆಂದಳು. ತನ್ನನ್ನು ಹೊರಗೆ ಹಾಕುವ ಸಾಲನ್ನೂ ಬಿಡಲಿಲ್ಲ. ಅದನ್ನು ಇನ್ನಷ್ಟು ಸ್ಪಷ್ಟವಾಗಿ, ಒಂದು ಪುಟ್ಟ ಉದಾಹರಣೆ ಕೊಟ್ಟು ವಿವರಿಸಿದಳು. ಜಯತೀರ್ಥರ ಮುಖಕ್ಕೆ ಅರ್ಥ ಮರಳುತ್ತ ಬಂತು. ನೀಲಾಂಬಿಕೆಯಿಂದ ಅದು ಎದ್ದು ಹೋಯಿತು. ಅವಳು ಸೀಮೆಸುಣ್ಣ ಕೆಳಗಿಟ್ಟು, ಏಕೆ ಎಲ್ಲರೂ ಇಷ್ಟು ಗಂಭೀರವಾಗಿದ್ದಾರೆಂದು ತಿಳಿಯದೆ, ನಮ್ಮನ್ನು ನೋಡಿ ನಕ್ಕಳು.

ಜಯತೀರ್ಥರು ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು. ಖಾಲಿಯಾಗುವುದು ಹೇಗಿರುತ್ತದೆ, ತುಂಬಿಕೊಳ್ಳುವುದು ಹೇಗಿರುತ್ತದೆ ಎಂಬುದು ಈಗ ಅವರ ಮೈಗೇ ಗೊತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿದರು. ಸ್ಥಳೀಯ ಸದಸ್ಯರ ಅಭಿಪ್ರಾಯ ಬೇಕು ಎಂದರು. ನಿಮ್ಮ ಊರಿನಲ್ಲಿ ಒಂದು ಪಾಠ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿದರು. ಮಗು ಎದ್ದು ಮರುಪಾಠ ಒಪ್ಪಿಸಿದಲ್ಲಿಗೆ ಎಂದೆ. ಬೆಳಿಗ್ಗೆ ಅದು ನಡೆಯಿತೇ ಎಂದರು. ನಡುವೆ ಗಂಟೆ ಹೊಡೆಯಿತು ಎಂದೆ.

"ಹಾಗಾದರೆ ಬೆಳಗಿನ ಪಾಠ ಇನ್ನೂ ಮುಗಿದಿಲ್ಲ," ಎಂದರು ಜಯತೀರ್ಥರು. "ಅರ್ಧ ಪಾಠದ ಮೇಲೆ ಪರೀಕ್ಷೆ ಮಾಡುವಂತೆ ನಾನು ಯಾವ ನೀತಿಯಲ್ಲೂ ಬರೆದಿಲ್ಲ. ಮಕ್ಕಳನ್ನು ಕರೆಯಿರಿ."

ಮಕ್ಕಳನ್ನು ಕರೆಯಬೇಕಾಗಲಿಲ್ಲ, ಬೇಲಿ ಹಾರಿ ಬಂದಿದ್ದರು. ಎಲ್ಲರ ಕೈಯೂ ಮೇಲಿತ್ತು. ಶಿವಗಂಗೆ ಉಳಿದವರನ್ನು ಮೊಣಕೈಯಿಂದ ಸರಿಸಿ ಮುಂದೆ ಬಂದಳು, ಅಕ್ಕೋರನ್ನು ನಡುವೆ ನಿಲ್ಲಿಸಿ ಕೈಗೆ ಚೆಂಡು ಕೊಟ್ಟಳು, ಕಿಟಕಿಗಳನ್ನು ಮುಚ್ಚಿಸಿದಳು. ಆ ಸಂಜೆ ಚಿಲಕ ಹಾಕಿದ ಕೊಠಡಿಯಲ್ಲಿ ನೀಲಾಂಬಿಕೆ ಪುಟಗಟ್ಟಲೆ ಬರೆದಳು, ಚಿತ್ರಗಳನ್ನೂ ಬಿಡಿಸಿದಳು. ನೇಮಕಾತಿಯ ಆದೇಶ ಕೊಟ್ಟು ಬಸ್ಸಿಗೆ ಹೊರಟ ಜಯತೀರ್ಥರು ನಮ್ಮ ಯಾವ ಪ್ರಶ್ನೆಗೂ ಬಾಯಿ ತೆರೆಯಲಿಲ್ಲ. ಹೊಸ ನೀತಿಯ ಮುಂದಿನ ಅಧ್ಯಾಯದಲ್ಲಿ ಏನಿದೆಯೆಂದು ಸಾಹೇಬರು ವಿನಯದಿಂದ ಕೇಳಿದರೆ, ತುಟಿ ಬಿಗಿಹಿಡಿದು, ಕಣ್ಣಲ್ಲಿ ನಗುತ್ತ, ಊರಿನ ಗಡಿ ದಾಟುವವರೆಗೂ ಬರೀ ಕೈಯಾಡಿಸಿದರಂತೆ.

ಮರುದಿನ ನೀಲಾಂಬಿಕೆ ತರಗತಿಗೆ ಹೋದಾಗ ಮಕ್ಕಳು ಒಂದೇ ಪ್ರಶ್ನೆ ಹಿಡಿದು ಕೂತಿದ್ದರು. ಊರೆಲ್ಲ ಅಕ್ಕೋರು ಖಾಯಂ ಆದರು ಅನ್ನುತ್ತಿದೆ, ಖಾಯಂ ಅಂದರೇನು? ಅವಳು ಕೂತು ಚೆನ್ನಾಗಿ ಹೇಳಿಕೊಟ್ಟಳು. ಇನ್ನು ಯಾರೂ ತನ್ನನ್ನು ಕಳಿಸಲಾರರು ಎಂದಳು. ಮಳೆಗಾಲಕ್ಕೂ ಇರುತ್ತೇನೆ, ಬೇಸಿಗೆಗೂ ಇರುತ್ತೇನೆ, ನಿಮ್ಮ ತಮ್ಮ ತಂಗಿಯರಿಗೂ ಇರುತ್ತೇನೆ ಎಂದಳು. ಮಕ್ಕಳಿಗೆ ಮನದಟ್ಟಾಯಿತು. ಅವಳಿಗೆ ಮರೆತುಹೋಯಿತು.

ಅಂದಿನಿಂದ ಇಂದಿನವರೆಗೆ ಅವಳು ಪ್ರತಿದಿನವೂ ನಾಳೆ ಇರುವೆನೋ ಇಲ್ಲವೋ ಎಂಬ ಅತಿಥಿಯ ಹಾಗೆಯೇ ತರಗತಿಗೆ ಬರುತ್ತಾಳೆ, ಇರುವುದನ್ನೆಲ್ಲ ಇಂದೇ ಕೊಟ್ಟುಬಿಡಬೇಕೆಂಬ ಆತುರದಿಂದ ಪಾಠ ಮಾಡುತ್ತಾಳೆ. ಜೂನ್ ಬಂದರೆ ಬಾಗಿಲಲ್ಲಿ ನಿಂತು, ಈ ವರ್ಷ ಬರಲೋ ಬೇಡವೋ ಎಂದು ಮಕ್ಕಳನ್ನೇ ಕೇಳುತ್ತಾಳೆ. ಮಕ್ಕಳು ಬರ್ರಿ ಎನ್ನುತ್ತಾರೆ, ಬರುತ್ತಾಳೆ. ಪಾಪ, ಆ ಒಂದು ಮರುಪಾಠವನ್ನು ಯಾರಾದರೂ ಒಪ್ಪಿಸಬಾರದೇ ಎಂದು ನಾನೊಮ್ಮೆ ಶಿವಗಂಗೆಯನ್ನು ಕೇಳಿದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ಕೊಟ್ಟವರ ಹತ್ರ ಅದು ಉಳಿಯಂಗಿಲ್ಲಲ್ರಿ ಸರ," ಎಂದಳು. "ಅಕ್ಕೋರು ಹೋಗಂಗಿಲ್ಲ ಅನ್ನೋದು ಅಕ್ಕೋರಿಗೆ ಯಾಕ ಬೇಕು? ನಮಗ ಬೇಕು."